ಕಂಕುಳ ಕೂಸಿಗೆ ಬಾಡಿಗೆಯಿಲ್ಲ

ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದ ದೇವಯ್ಯನ ಹೆಂಡತಿ ಚಿಕ್ಕನಂಜಮ್ಮ. ಇಬ್ಬರು ಮಕ್ಕಳು ಉಳಿದಿದ್ದರು, ಎರಡು ಬಸಿರು ದಿನ ತುಂಬುವ ಮೊದಲೇ ಹೋಗಿದ್ದವು. ಈಗ ಮತ್ತೆ ಆರು ತಿಂಗಳು. ಯುದ್ಧದ ಕಾಲ, ಇದ್ದಿಲು ಉರಿಸಿ ಓಡಿಸುವ ಬಸ್ಸು ಏರು ಬಂದಲ್ಲೆಲ್ಲ ಜನರನ್ನು ಇಳಿಸಿ ತಳ್ಳಿಸಿಕೊಳ್ಳುತ್ತಿತ್ತು. ಆದರೂ ಮಂಡ್ಯದ ಲೇಡಿ ಡಾಕ್ಟರಿಗೆ ತೋರಿಸಲೇಬೇಕೆಂದು ಅವಳು ಹಟ ಹಿಡಿದಳು. ಮದುವೆಯಾದ ಮೇಲೆ ಅವಳು ಹಿಡಿದ ಮೊದಲ ಹಟ ಅದು.

"ಓಗಾದು ಸರಿ, ವಾರಗಟ್ಲೆ ಉಳಿಯಾದೆಲ್ಲಿ?" ಎಂದ ದೇವಯ್ಯ.

ಆ ಬಸ್ಸಿನ ಕಂಡಕ್ಟರ್ ಹುಚ್ಚೀರಯ್ಯನಿಗೆ ಹೇಳಿದರೆ ಅವನು ಮಂಡ್ಯದಲ್ಲಿ ಕೊಠಡಿ ಹಿಡಿದಿಡುತ್ತಿದ್ದ. ಅವನೇ ಉತ್ತರವನ್ನೂ ತಂದ. ಸ್ಟೇಷನ್ ಹಿಂದೆ ನಿಂಗಯ್ಯ ಎಂಬವನ ವಸತಿ. ದೊಡ್ಡವರಿಗೆ ಪೂರ್ತಿ ಬಾಡಿಗೆ, ನಡೆಯುವ ಮಕ್ಕಳಿಗೆ ಅರ್ಧ, ತಾಯಿ ಕಂಕುಳಲ್ಲಿರುವ ಕೂಸಿಗೆ ಇಲ್ಲ. ಅಡುಗೆ ನೀವೇ ಮಾಡಿಕೊಂಡರೆ ಇನ್ನೂ ಕಡಿಮೆ. ಆ 'ನೀವು' ಯಾರೆಂದು ಯಾರೂ ಕೇಳಲಿಲ್ಲ. ಚಿಕ್ಕನಂಜಮ್ಮ ರಾಗಿಹಿಟ್ಟು ಬೀಸಿದಳು, ಖಾರದಪುಡಿ ಕುಟ್ಟಿದಳು, ಮಡಕೆಗಳನ್ನು ಗೋಣಿಯಲ್ಲಿ ಸುತ್ತಿದಳು.

ಮಗಳು ಮುದ್ದಿಗೆ ಎಂಟು ವರ್ಷ, ಅವಳಿಗೆ ಅರ್ಧ ಕೊಡಲೇಬೇಕು. ಮಗ ಅಪ್ಪಾಜಿಗೆ ಐದು ತುಂಬಿತ್ತು, ಆದರೆ ಮೈ ಸಣ್ಣದು. ಬಸ್ಸಿಳಿದ ಕೂಡಲೇ ದೇವಯ್ಯ ಅವನ ತಲೆಗೆ ಕುಲಾವಿ ತೊಡಿಸಿದ.

"ಎತ್ಕೊ. ಒಳಗೋಗಗಂಟ ಕೆಳಕ್ಕೆ ಬುಡ್ಬೇಡ."

"ನೀವೇ ಎತ್ಕಳಿ, ನಂಗೆ ಸೊಂಟ ಇಡ್ಕಂಡದೆ."

"ಗಂಡಸು ಎತ್ಕಂಡ್ರೆ ಅವ್ವನ್ ಆಲು ಬುಟ್ಟ ಮಗ ಅಂತ ಲೆಕ್ಕ ಕಣಮ್ಮಿ. ನಿಂಗಯ್ಯ ಏನು ದಡ್ಡನಾ?"

ನಿಂಗಯ್ಯ ದಡ್ಡನಲ್ಲ. ಬಾಗಿಲ ಪಕ್ಕದ ಹಲಗೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದವನು ಅವಳ ಕಂಕುಳಿಂದ ಮೊಣಕಾಲವರೆಗೆ ಜೋತಾಡುತ್ತಿದ್ದ ಕಾಲುಗಳನ್ನು ನೋಡಿದ. "ಕೂಸು ವಸಿ ಉದ್ದ ಅದೆ," ಎಂದ. "ಅವರಪ್ಪನಂಗೆ," ಎಂದು ನಕ್ಕ ದೇವಯ್ಯ. ಗಂಡಸರಿಬ್ಬರೂ ನಕ್ಕರು.

ಕೊಠಡಿಯೊಳಗೆ ಇಳಿಸಿದರೆ ಮುಗಿಯಿತೆಂದು ಅವಳು ಅಂದುಕೊಂಡಿದ್ದಳು. ಆದರೆ ನಲ್ಲಿ, ಕಕ್ಕಸು ಎರಡೂ ಅಂಗಳದ ಆ ಬದಿಗೆ, ನಿಂಗಯ್ಯನ ಹಲಗೆಯ ಎದುರಿಗೇ ಇದ್ದವು. ಹುಡುಗನಿಗೆ ಬೇಕಾದಾಗಲೆಲ್ಲ ಹೊತ್ತುಕೊಂಡೇ ಹೋಗಬೇಕು. ದೇವಯ್ಯ ಬೆಳಗಾದರೆ ಪೇಟೆಯಲ್ಲಿ ಗುರುತಿನವರನ್ನು ಕಾಣಲು ಹೋಗುವನು, ಆದ್ದರಿಂದ ಆಸ್ಪತ್ರೆಗೂ ಹುಡುಗನನ್ನು ಹೊರಬೇಕು. ಗೇಟು ದಾಟಿದ ಮೇಲೆ ಇಳಿಸುವಳು, ಬರುವಾಗ ಗೇಟಿನ ಹತ್ತಿರ ಮತ್ತೆ ಎತ್ತುವಳು. ಬಂದು ಒಲೆ ಹಚ್ಚುವಳು.

ಲೇಡಿ ಡಾಕ್ಟರು ಬಸಿರು ನಿಲ್ಲಲೆಂದು ದಿನಕ್ಕೊಂದು ಸೂಜಿಮದ್ದು ಬರೆದಿದ್ದರು. ಅದನ್ನು ಕೊಡುತ್ತಿದ್ದ ನರ್ಸು ಮೊದಲ ದಿನವೇ ಹೇಳಿದ್ದಳು: "ಭಾರ ಎತ್ತಬಾರದಮ್ಮ. ಎತ್ತಿದರೆ ಈ ಮದ್ದು ನೀರಿಗೆ ಸಮ."

ಅದನ್ನು ಗಂಡನಿಗೆ ಹೇಳಿದಾಗ ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅವರು ಯೋಳಿದ್ದು ಕೊಡ, ಸೌದೆ ಒರೆ. ಒಟ್ಟೇಲಿ ಉಟ್ಟಿದ ಮಗ ಭಾರ ಆಯ್ತದಾ ತಾಯ್ಗೆ?"

ಮಾರನೆಯ ದಿನ ನಲ್ಲಿಯಿಂದ ಬಂದ ಮೇಲೆ ಅವಳ ಸೀರೆಯಲ್ಲಿ ರಕ್ತದ ಕಲೆ ಕಂಡಿತು. ಹಿಂದಿನ ಎರಡೂ ಹೀಗೆಯೇ ಶುರುವಾಗಿದ್ದವು. ಅವಳು ಗೋಡೆಗೆ ಒರಗಿ ಕೂತಳು. ಮುದ್ದಿ ಅಕ್ಕಿ ಆರಿಸುತ್ತಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. "ಅವ್ವ, ನಾನು ಎತ್ಕತೀನಿ ಬುಡು," ಎಂದು ತಮ್ಮನನ್ನು ಸೊಂಟಕ್ಕೇರಿಸಲು ಬಗ್ಗಿದಳು. ಎಂಟು ವರ್ಷದ ಸೊಂಟ ಆಗಲೇ ಒಂದು ಪಕ್ಕಕ್ಕೆ ವಾಲಿಕೊಂಡು ಸಿದ್ಧವಾಗಿತ್ತು. ಅದನ್ನು ಕಂಡು ಚಿಕ್ಕನಂಜಮ್ಮನಿಗೆ ರಕ್ತ ಕಂಡಾಗಿನದಕ್ಕಿಂತ ಹೆಚ್ಚು ದಿಗಿಲಾಯಿತು.

"ಯಾರೂ ಎತ್ಕಬೇಡಿ. ನಡಿಲಾ ಅಪ್ಪಾಜಿ."

ಹುಡುಗ ಅಂಗಳಕ್ಕೆ ಓಡಿದ. ನಿಂಗಯ್ಯನ ಹಲಗೆಯನ್ನು ಒಂದು ಸುತ್ತು ಹಾಕಿದ. ಅದೇ ಹೊತ್ತಿಗೆ ದೇವಯ್ಯ ಗೇಟಿನೊಳಗೆ ಕಾಲಿಟ್ಟ.

"ಏನ್ ಮೇಷ್ಟ್ರೆ, ಕೂಸ್ಗೆ ಒಂದೇ ದಿಸಕ್ಕೆ ಕಾಲು ಬಂದ್ಬುಟ್ಟವೆ!" ಎಂದ ನಿಂಗಯ್ಯ. "ಬಂದ ದಿಸದಿಂದ ಅರ್ಧ ಕೊಟ್ಬುಡಿ."

ಜಗಲಿಯ ಮೇಲಿದ್ದ ಗಾಡಿಯವರು ಕಿಸಕ್ಕೆಂದರು. ದೇವಯ್ಯ ಕೊಠಡಿಗೆ ಬಂದು ಬಾಗಿಲು ಮುಂದಕ್ಕೆಳೆದ. "ಮಾನ ಕಳದ್ಬುಟ್ಟೆ. ಗಂಟು ಕಟ್ಟು, ಊರ್ಗೋಗಾನ."

"ಸೂಜಿಮದ್ದು ಮುಗ್ದಿಲ್ಲ."

"ಎರಡು ಮಕ್ಕಳು ಉಟ್ಟಿಲ್ವಾ? ಆಗ ಯಾವ ಸೂಜಿ ಇತ್ತು?"

"ಎರಡು ಓಗಿಲ್ವಾ?"

ಅವನಿಗೂ ಹೆದರಿಕೆಯಿತ್ತು, ಆದರೆ ಅವನ ಹೆದರಿಕೆ ಅವಮಾನದ ಕೆಳಗೆ ಹೋಗಿ ಕೂತಿತ್ತು. ಚಿಕ್ಕನಂಜಮ್ಮ ಸೀರೆಯ ಕಲೆಯನ್ನು ತೋರಿಸಿದಳು. ಗಂಡಸರಿಗೆ ತೋರಿಸುವಂಥದ್ದಲ್ಲ ಅದು. ಅವನು ಮುಖ ತಿರುಗಿಸಿದ.

"ನೀವು ಓಗಿ. ನಾನು ಬರಾಕಿಲ್ಲ."

ಅವನು ನಿಂಗಯ್ಯನಿಗೆ ಲೆಕ್ಕ ತೀರಿಸಿ ಕೊಠಡಿ ಬಿಟ್ಟುಕೊಟ್ಟ. ಅಪ್ಪಾಜಿಯ ಕೈ ಹಿಡಿದು ಹೊರಟ, ಮುದ್ದಿಯನ್ನು ಕರೆಯಲಿಲ್ಲ. ಗೇಟಿನಾಚೆ ಹುಡುಗ "ಅವ್ವ" ಎಂದು ನೆಲದ ಮೇಲೆ ಹೊರಳಾಡಿದ. ದೇವಯ್ಯ ಅತ್ತ ಇತ್ತ ನೋಡಿ, ಅವನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಸಲೀಸಾಗಿಯೇ ನಡೆದ. ಚಿಕ್ಕನಂಜಮ್ಮನ ಕಾಲು ತಾನಾಗಿ ಎರಡು ಹೆಜ್ಜೆ ಅತ್ತ ಹೋಯಿತು. ಆಮೇಲೆ ಅವಳು ಮುದ್ದಿಯ ಭುಜ ಹಿಡಿದುಕೊಂಡು, ಮಡಕೆಗಳನ್ನು ಅಲ್ಲೇ ಬಿಟ್ಟು, ಆಸ್ಪತ್ರೆಯ ದಾರಿ ಹಿಡಿದಳು.

ನರ್ಸು ಮಲಗಿಸಿ ಹೊಟ್ಟೆಯ ಮೇಲೆ ಮರದ ಕೊಳವೆಯಿಟ್ಟು ಕಿವಿಗೊಟ್ಟಳು. ಕೊಳವೆಯನ್ನು ಸ್ವಲ್ಪ ಸರಿಸಿ ಮತ್ತೆ ಕೇಳಿದಳು. ಚಿಕ್ಕನಂಜಮ್ಮ ಆ ಮುಖವನ್ನೇ ನೋಡುತ್ತಿದ್ದಳು.

"ಇದೆ," ಎಂದಳು ನರ್ಸು ಕೊನೆಗೆ. "ಬಸಿರು ನಿಲ್ಲುತ್ತೋ ಇಲ್ಲವೋ ಹೇಳೋಕಾಗಲ್ಲ. ಈ ಮಂಚ ಬಿಟ್ಟು ಏಳಬೇಡ. ಊಟ ತಂದುಕೊಡೋರು ಯಾರಿದ್ದಾರೆ?"

ಮುದ್ದಿ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕನಂಜಮ್ಮ ಹೇಳಿದಳು:

"ಯಾರೂ ಇಲ್ಲ ಕಣಮ್ಮ. ನೀವೇ ಇಕ್ಕಬೇಕು, ನಮ್ಮಿಬ್ಬರಿಗೂ."