ಉಡಿ ತುಂಬಿ ಬಿಡಿಸಿದ ಮನೆ

ಕೊರೊನಾದ ಗದ್ದಲ ಮುಗಿದ ಮರುವರ್ಷದ ಮಾತು. ಆಗ ನಾನು ಕಲಘಟಗಿ ತಾಲೂಕಿನಲ್ಲಿ ಮನೆ ಮತ್ತು ಪ್ಲಾಟುಗಳ ಏಜೆಂಟನಾಗಿದ್ದೆ. ಎಸ್.ಎಸ್.ಎಲ್.ಸಿ. ಪಾಸಾಗಿ, ಬಹಳ ವರ್ಷ ಗೊಬ್ಬರದ ಅಂಗಡಿಯಲ್ಲಿ ದುಡಿದು, ಆಮೇಲೆ ಈ ದಂಧೆಗೆ ಇಳಿದವನು. ನನಗೆ ಬೋರ್ಡು ಇರಲಿಲ್ಲ, ಕಚೇರಿಯೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಬಾಜು ಇದ್ದ ಚಹಾದಂಗಡಿಯ ಬೆಂಚು, ಒಂದು ಮೋಟಾರ್‌ಸೈಕಲ್ಲು, ಮತ್ತು ಸಿಹಿ ಮಾತು, ಇಷ್ಟರಲ್ಲೇ ನಡೆಯುತ್ತಿತ್ತು. ಈಗ ದಂಧೆ ಬಿಟ್ಟಿದ್ದೇನೆ. ಬಿಡುವ ಮೊದಲು ಮಾಡಿದ ಒಂದು ವ್ಯವಹಾರವನ್ನು ಇಲ್ಲಿ ಬರೆಯುತ್ತೇನೆ. ಊರಿನ ಹೆಸರು ಹೇಳುವುದಿಲ್ಲ. ದುಮ್ಮವಾಡದ ಕಡೆ, ಅಡವಿಯ ಅಂಚಿಗೆ, ಕೆರೆ ಇರುವ ಒಂದು ಹಳ್ಳಿ ಎಂದರೆ ಸಾಕು.

ಆ ಕೆರೆಯ ಆಚೆ ದಂಡೆಗೆ ಒಂದು ರಿಸಾರ್ಟ್ ಬಂತು. ಶನಿವಾರ ಮಧ್ಯಾಹ್ನವಾದರೆ ಹುಬ್ಬಳ್ಳಿ-ಧಾರವಾಡದ ಕಾರುಗಳು ಸಾಲುಗಟ್ಟಿ ಬರತೊಡಗಿದವು. ಅಲ್ಲಿ ರೂಮು ಸಿಗದವರು ಊರೊಳಗೆ ಮನೆ ಕೇಳಿದರು. ಹೀಗೆ ಹೋಮ್‌ಸ್ಟೇ ಶುರುವಾಯಿತು. ಅಂದರೆ, ಊರವರ ಮನೆಗೆ ಬಣ್ಣ ಹೊಡೆಸಿ, ಸಂಡಾಸಿಗೆ ಟೈಲ್ಸ್ ಹಾಕಿಸಿ, ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು. ಒಂದು ತಿಂಗಳ ಬಾಡಿಗೆ ಶನಿವಾರ-ರವಿವಾರದಲ್ಲೇ ಬರುತ್ತದೆ ಎಂದು ಗೊತ್ತಾದ ಮೇಲೆ ತಿಂಗಳಿಗೆಂದು ಮನೆ ಯಾರು ಕೊಡುತ್ತಾರೆ? ಶಾಲೆಯ ಮಾಸ್ತರರಿಗೆ ಮನೆ ಸಿಗದೆ ಅವರು ಕಲಘಟಗಿಯಿಂದ ಬಸ್ಸಿಗೆ ಬಂದುಹೋಗಿ ಮಾಡಿದರು. ಊರ ಎಮ್ಮೆಗಳ ಹಾಲು ರಿಸಾರ್ಟಿಗೆ ಹೋಯಿತು, ಊರ ಚಹಾದಂಗಡಿಗೆ ಪಾಕೀಟಿನ ಹಾಲು ಬಂತು. ನಾವು ಏಜೆಂಟರು ಇದನ್ನು ಡೆವಲಪ್‌ಮೆಂಟ್ ಎಂದು ಕರೆದೆವು. ನಾನು ಅದನ್ನು ನಂಬಿಯೂ ಇದ್ದೆ.

ಕೆರೆಗೆ ಮುಖ ಮಾಡಿ, ರಸ್ತೆಗೆ ಹತ್ತಿ, ಚನ್ನಪ್ಪ ಎಂಬ ರೈತನ ಮನೆ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಅವನು ಹಿಂದಿನ ಖೋಲಿಯಲ್ಲಿ ಇದ್ದುಕೊಂಡು, ಮುಂದಿನ ಪಡಸಾಲೆ ಮತ್ತು ಅಡುಗೆಮನೆಯನ್ನು ಶಾಂತವ್ವ ಎಂಬವಳಿಗೆ ಬಾಡಿಗೆಗೆ ಕೊಟ್ಟಿದ್ದ. ಕಾಗದಪತ್ರ ಏನೂ ಇಲ್ಲ, ಬಾಯಿಮಾತು. ಶಾಂತವ್ವ ಅಲ್ಲಿ ಖಾನಾವಳಿ ನಡೆಸುತ್ತಿದ್ದಳು. ಗಂಡನಿಗೆ ಸೊಂಟದ ಬೇನೆ, ಕೂತಲ್ಲೇ ಕಾಯಿಪಲ್ಲೆ ಹೆಚ್ಚಿಕೊಡುವುದಷ್ಟೇ ಅವನಿಂದ ಆಗುತ್ತಿತ್ತು. ಇಬ್ಬರ ಹೊಟ್ಟೆಯೂ ಅವಳ ರೊಟ್ಟಿಯ ಮೇಲೆಯೇ ನಡೆಯಬೇಕು. ಕಂಡಕ್ಟರರು, ಲೈನ್‌ಮನ್ನರು, ಹೊಲದ ಕೆಲಸಕ್ಕೆ ಬಂದವರು ಅವಳ ಗಿರಾಕಿಗಳು. ಬಿಸಿ ರೊಟ್ಟಿಯ ಜೊತೆಗೆ ಅವಳ ಬೈಗುಳವೂ ಇರುತ್ತಿತ್ತು.

“ಎರಡ ರೊಟ್ಟಿಗೆ ಕೈ ತೊಳಿಯಾಕ ಹತ್ತಿಯಲ್ಲೋ ಬಾಡ್ಯಾ, ಹೊಲಾ ನಿಮ್ಮಪ್ಪ ಹರಗ್ತಾನೇನು?” ಎಂದು ಕೂಲಿಯವನಿಗೆ ಇನ್ನೊಂದು ರೊಟ್ಟಿ ಹಾಕುವಳು. ನಾನು ಕೂತರೆ, “ಏಜೆಂಟ್ ಕಾಕಾಗ ಅರ್ಧಾ ಸಾಕ್ರಿ. ಅವರು ಮಂದಿ ಪ್ಲಾಟ್ ತಿಂದ ಬಂದಿರ್ತಾರ,” ಎನ್ನುವಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹುಬ್ಬಳ್ಳಿಯ ಒಂದು ಪಾರ್ಟಿಗೆ ಆ ಮನೆಯೇ ಬೇಕಾಯಿತು. ನಮ್ಮ ದಂಧೆಯಲ್ಲಿ ಗಿರಾಕಿಗೆ ಪಾರ್ಟಿ ಎನ್ನುತ್ತೇವೆ. ಚನ್ನಪ್ಪನ ಖೋಲಿಯೊಂದನ್ನು ಬಿಟ್ಟು ಇಡೀ ಮನೆಯನ್ನು ಬಹಳ ವರ್ಷಗಳ ಲೀಸಿಗೆ ಹಿಡಿಯುವುದು, ಬೇಸಿಗೆಯ ಸೀಸನ್ ಒಳಗೆ ಹೋಮ್‌ಸ್ಟೇ ತೆರೆಯುವುದು ಎಂದು ಚನ್ನಪ್ಪನ ಜೊತೆ ಮಾತಾಯಿತು. ನಾನು ಶಾಂತವ್ವನಿಗೆ ವಿಷಯ ತಿಳಿಸಿದೆ. ಅವಳು ಜಗಳವಾಡಲಿಲ್ಲ.

“ಬಿಡ್ತೀನ್ರಿ ಕಾಕಾ. ರಸ್ತೆ ಮ್ಯಾಲ ಇನ್ನೊಂದ ಜಾಗಾ ಹುಡುಕಿ ಕೊಡ್ರಿ, ನಾಳೆನ ಬಿಡ್ತೀನಿ. ಒಳಗ ಓಣ್ಯಾಗ ಹೊಕ್ಕರ ನನ್ನ ರೊಟ್ಟಿ ವಾಸನಿ ಹಿಡಕೊಂಡ ಬರಾಕ ಅವರೇನ ನಾಯಿಗೋಳೇನ್ರಿ?”

ಅವಳು ಕೇಳಿದ್ದು ನ್ಯಾಯವಾಗಿತ್ತು. ಆದರೆ ರಸ್ತೆಯ ಮೇಲೆ ಒಂದು ಮನೆಯೂ ಉಳಿದಿರಲಿಲ್ಲ. ಇದ್ದವುಗಳನ್ನೆಲ್ಲ ಹೋಮ್‌ಸ್ಟೇ ಮಾಡಿಸಿದವನು ನಾನೇ. ಹೀಗಾಗಿ ನಾನು ಚನ್ನಪ್ಪನ ಬೆನ್ನು ಹತ್ತಿದೆ. ಮನೆ ಅವನದು, ಬಿಡು ಎಂದು ಅವನು ಒಂದು ಮಾತು ಹೇಳಿದರೆ ಮುಗಿಯಿತು.

“ಆಗೂದಿಲ್ಲೋ ಮಾರಾಯಾ,” ಎಂದ ಚನ್ನಪ್ಪ. “ಹೇಣ್ತಿ ಸತ್ತಾಗಿಂದ ಆಕಿ ಕೈಲೆ ಉಂಡೀನಿ. ಜ್ವರಾ ಬಂದಾಗ ಗಂಜಿ ಕಾಸಿ ಕೊಟ್ಟಾಳ. ಮನಿ ಬಿಡು ಅಂತ ಯಾವ ಬಾಯಿಲೆ ಅನ್ನಲಿ?”

ಆಗ ನನ್ನ ಬಾಯಿಂದ ಬಂದ ಮಾತು ಇದು: “ಅನ್ನೂದ ಬ್ಯಾಡ. ಉಡಿ ತುಂಬಿ ಕಳಸೂಣು.”

ನಮ್ಮ ಕಡೆ ಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ, ಬಂದ ಮುತ್ತೈದೆ ಹಿಂದಿರುಗುವಾಗ, ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ ಹಾಕಿ ಕಳಿಸುತ್ತಾರೆ. ಅದು ಆಶೀರ್ವಾದ. ಉಡಿಯನ್ನು ಯಾರೂ ಬೇಡ ಎನ್ನುವುದಿಲ್ಲ. ನಾಲ್ಕು ಮಂದಿಯ ಎದುರು ಹೋಗಿ ಬಾ ಎಂದು ಉಡಿ ತುಂಬಿಸಿಕೊಂಡವಳು ಮತ್ತೆ ಅಲ್ಲೇ ಕೂತರೆ ಮಾನಗೆಟ್ಟವಳಾಗುತ್ತಾಳೆ. ನಾನು ಲೆಕ್ಕ ಹಾಕಿದ್ದು ಇದನ್ನೇ. ಚನ್ನಪ್ಪ, “ನಮ್ಮನ್ಯಾಗ ಹೆಣ್ಣಮಕ್ಕಳಿಲ್ಲಲ್ಲ,” ಎಂದ. ಅದು ಅವನ ಒಪ್ಪಿಗೆ.

ನಾನು ನನ್ನ ಹೆಂಡತಿ ಕಸ್ತೂರಿಗೆ ಹೇಳಿದೆ. ಶಾಂತವ್ವನಿಗೆ ತವರಿನ ಕಡೆ ಒಳ್ಳೆಯ ಜಾಗ ಸಿಕ್ಕಿದೆ, ಖುಷಿಯಿಂದ ಹೊರಟಿದ್ದಾಳೆ, ಚನ್ನಪ್ಪನ ಪರವಾಗಿ ನೀನು ಉಡಿ ತುಂಬಬೇಕು ಎಂದು. ಪೂರಾ ಸುಳ್ಳು. ಅವಳು ನಂಬಿದಳು. ಅಂಗಡಿಯಿಂದ ತಂದ ಖಣ ಅವಳಿಗೆ ಹಿಡಿಸಲಿಲ್ಲ. “ಇಷ್ಟ ದಿನಾ ಊರಿಗೆ ಉಣ್ಣಾಕ ನೀಡಿದಾಕಿ. ಇಂಥಾ ತೆಳ್ಳನ್ನ ಖಣಾ ಕೊಡೂದೇನ್ರಿ?” ಎಂದು, ತನಗಾಗಿ ತೆಗೆದಿಟ್ಟಿದ್ದ ಗುಳೇದಗುಡ್ಡದ ಖಣವನ್ನು ಟ್ರಂಕಿನಿಂದ ತೆಗೆದಳು.

ಶುಕ್ರವಾರ ಮುಂಜಾನೆ ಹೋದೆವು. ಬಾಜು ಮನೆಯ ಹೆಣ್ಣುಮಕ್ಕಳನ್ನು ನಾನೇ ಕರೆಸಿದ್ದೆ. ಶಾಂತವ್ವನ ಕೈ ಹಿಟ್ಟಾಗಿತ್ತು. ಕಸ್ತೂರಿ ಅವಳನ್ನು ಮಣೆಯ ಮೇಲೆ ಕೂಡಿಸಿ ಅರಿಶಿನ ಕುಂಕುಮ ಹಚ್ಚಿದಳು.

“ಇದೇನ್ರಿ ಅಕ್ಕಾರ, ಇವತ್ತೇನ ವಿಶೇಷ?” ಎಂದು ಶಾಂತವ್ವ ನಕ್ಕಳು.

“ಹೋದ ಕಡೆ ನಿನ್ನ ಒಲಿ ಹಿಂಗ ಉರೀಲಿ ತಂಗಿ,” ಎಂದಳು ನನ್ನ ಹೆಂಡತಿ.

ಶಾಂತವ್ವನ ನಗೆ ಅಲ್ಲಿಗೇ ನಿಂತಿತು. ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಚನ್ನಪ್ಪ ನೆಲ ನೋಡುತ್ತಿದ್ದ. ಅವಳು ಕೈ ಒರೆಸಿಕೊಂಡು ಸೆರಗೊಡ್ಡಿದಳು. ಎದ್ದು ಕಸ್ತೂರಿಯ ಕಾಲಿಗೆ ನಮಸ್ಕರಿಸಿದಳು. ಸೋಮವಾರದ ಹೊತ್ತಿಗೆ ಮನೆ ಖಾಲಿ. ಪಾರ್ಟಿ ನನ್ನ ಬೆನ್ನು ತಟ್ಟಿತು. ಕಮಿಷನ್ ತೆಗೆದುಕೊಂಡೆ.

ಒಳಗಿನ ಓಣಿಯಲ್ಲಿ ಶಾಂತವ್ವ ಮತ್ತೆ ಖಾನಾವಳಿ ಹಾಕಿದಳು. ಅವಳು ಹೇಳಿದ ಹಾಗೆಯೇ ಆಯಿತು. ಬಸ್ಸು ನಿಲ್ಲುವ ಹೊತ್ತಿನಲ್ಲಿ ಓಣಿ ಹೊಕ್ಕು ಉಂಡು ಬರಲು ಯಾರಿಗೂ ಬಿಡುವಿರಲಿಲ್ಲ. ಮಳೆಗಾಲ ಕಳೆಯುವ ಮೊದಲೇ ಅದು ಮುಚ್ಚಿತು. ಈ ಸುದ್ದಿ ಕೇಳಿಯೂ ನಾನು ಆ ಕಡೆ ಹೋಗಲಿಲ್ಲ.

ಮರುವರ್ಷ ಪ್ಲಾಟು ನೋಡಲು ಬಂದವರನ್ನು ಊಟಕ್ಕೆ ರಿಸಾರ್ಟಿಗೆ ಕರೆದೊಯ್ದೆ. ಊಟದ ಕೋಣೆಯ ಮೂಲೆಯಲ್ಲಿ ಸಗಣಿ ಸಾರಿಸಿದ ಕಟ್ಟೆ ಮಾಡಿ, ಕಟ್ಟಿಗೆಯ ಒಲೆ ಹೂಡಿ, ‘ಹಳ್ಳಿ ರೊಟ್ಟಿ’ ಎಂದು ಬೋರ್ಡು ಹಾಕಿದ್ದರು. ಇಳಕಲ್ ಸೀರೆ ಉಡಿಸಿ ಶಾಂತವ್ವನನ್ನು ಕೂಡಿಸಿದ್ದರು. ಬಂದವರು ಮೊಬೈಲು ಹಿಡಿದು ಅವಳು ರೊಟ್ಟಿ ಬಡಿಯುವುದರ ವಿಡಿಯೊ ತೆಗೆಯುತ್ತಿದ್ದರು. ನನ್ನ ತಾಟಿಗೂ ಒಂದು ರೊಟ್ಟಿ ಹಾಕಿದಳು, ಏನೂ ಅನ್ನಲಿಲ್ಲ. ಊಟ ಮುಗಿದ ಮೇಲೆ ಒಬ್ಬನೇ ಹೋಗಿ ನಿಂತೆ.

“ಬೈಯೂದ ಬಿಟ್ಟಿಯೇನವಾ?” ಎಂದೆ.

“ಗೆಸ್ಟ್ ಜೋಡಿ ಮಾತಾಡೂಹಂಗಿಲ್ರಿ ಇಲ್ಲೆ. ನಗಬೇಕಷ್ಟ.”

ತಪ್ಪಾಯಿತು ಎಂದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

“ಕಾಕಾ, ನೀವು ನನ್ನ ಭಾಂಡೆ-ಪಾತ್ರಿ ತಗದು ಹೊರಗ ಒಗದಿದ್ರ ನಾ ನಡುಬೀದ್ಯಾಗ ನಿಂತು ಚೀರತಿದ್ನಿರಿ. ಮಂದಿ ಕೂಡ್ತಿತ್ತು. ಕಂಡಕ್ಟರ್ ಹುಡುಗೋರು ನನ್ನ ಕಡೆ ನಿಲ್ತಿದ್ರು. ಅಕ್ಕಾರು ಅಷ್ಟ ಚಂದಂಗ ಉಡಿ ತುಂಬಿದ ಮ್ಯಾಲ ನಾ ಯಾರ ಜೋಡಿ ಜಗಳಾ ತಗೀಲ್ರಿ?”

ಒಳಗಿನಿಂದ ಯಾರೋ ರೊಟ್ಟಿ ಎಂದು ಕರೆದರು. “ಆಚೆ ಸರೀರಿ, ಹೆಂಚು ಕಾದೈತಿ,” ಎಂದಳು.

ಆ ದಿನ ಮನೆಗೆ ಬಂದು ಕಸ್ತೂರಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. “ನನ್ನ ಕೈಲೆ ಮಾಡಿಸಿದ್ರಿ,” ಎಂದಳು. ಅಂದಿನಿಂದ ಅವಳು ಯಾರ ಉಡಿಯನ್ನೂ ತುಂಬಿಲ್ಲ. ನೆಂಟರ ಮನೆಯಲ್ಲಿ ಕರೆದರೆ ಕೈನೋವು ಎಂದು ನೆಪ ಹೇಳುತ್ತಾಳೆ. ನಾನು ಕಲಘಟಗಿಯಲ್ಲಿ ರಸ್ತೆಯ ಮೇಲೊಂದು ಮಳಿಗೆ ನೋಡಿ ಶಾಂತವ್ವನಿಗೆ ಹೇಳಿ ಕಳಿಸಿದೆ. ಬೇಡ ಎಂಬ ಉತ್ತರ ಬಂತು. ಈ ಸಲ ಬೇಡ ಎನ್ನುವ ದಾರಿ ಅವಳಿಗಿತ್ತು.

ಮನೆ ಬಿಡಿಸುವುದು ಏಜೆಂಟನ ಕೆಲಸವೇ, ಅದರಲ್ಲಿ ಯಾರಿಗಾದರೂ ನೋವಾಗುವುದು ತಪ್ಪದು. ಆದರೆ ಬಿಡು ಎನ್ನುವುದನ್ನು ಬಿಡು ಎಂದೇ ಹೇಳಬೇಕು, ಎದುರಿನವರ ಬೈಗುಳ ತಿನ್ನಬೇಕು, ಅವರ ಕಡೆಯವರು ನಾಲ್ಕು ಮಂದಿ ಬಂದರೆ ನಿಂತು ಉತ್ತರ ಕೊಡಬೇಕು. ಇದಿಷ್ಟನ್ನು ಆ ದಂಧೆ ನನಗೆ ಕಲಿಸಿತು, ತಡವಾಗಿ. ನಾನು ಮರ್ಯಾದೆ ಮಾಡಿ ಒಬ್ಬಳ ಬಾಯಿ ಕಟ್ಟಿದೆ. ಆ ಊರವರಿಗೆ ಇದು ಇಂದಿಗೂ ಗೊತ್ತಿಲ್ಲ. ಎಲ್ಲಾದರೂ ಸಿಕ್ಕರೆ, “ಬಾಡಿಗಿಯವರನ್ನ ಹೆಂಗ ಕಳಸಬೇಕು ಅಂತ ನಿಮ್ಮನ್ನ ನೋಡಿ ಕಲೀಬೇಕ್ರಿ,” ಎಂದು ನಾಲ್ಕು ಜನರ ಎದುರು ಹೊಗಳುತ್ತಾರೆ. ಇಷ್ಟು ದಿನ ಆ ಹೊಗಳಿಕೆಗೆ ಕೈಮುಗಿದು ಬಂದಿದ್ದೇನೆ. ಅವರೂ ಇದನ್ನು ಓದಲಿ ಎಂದೇ ಬರೆದೆ.