ಒಳಗೆ ಬಿಟ್ಟ ನಾಲ್ಕು ಬೆರಳು ಬಟ್ಟೆ

ಅಂಚಿಗೆ ಹಚ್ಚುವ ನೆರಿಗೆಯ ಝಾಲರಿ ಕಂಡರೆ ನನಗೆ ಆಗುವುದಿಲ್ಲ. ದರ್ಜಿಯಾದವನು ಈ ಮಾತು ಹೇಳಬಾರದು, ಮಿಠಾಯಿ ಅಂಗಡಿಯವನು ತನಗೆ ಸಿಹಿ ಸೇರುವುದಿಲ್ಲ ಎಂದ ಹಾಗೆ. ಆದರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಅಂಗಿ ಎಂದರೆ ಎರಡು ತೋಳು, ಒಂದು ಕುತ್ತಿಗೆ, ಐದು ಗುಂಡಿ. ಪಾಯಜಾಮ ಎಂದರೆ ಎರಡು ಕಾಲು, ಒಂದು ಲಾಡಿ. ಇದಕ್ಕಿಂತ ಹೆಚ್ಚಿಗೆ ಏನು ಕೇಳಿದರೂ ನಾನು ಗಿರಾಕಿಯ ಮುಖವನ್ನೇ ನೋಡುತ್ತ ಕೂಡುತ್ತೇನೆ. ಭಾಲ್ಕಿಯಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯ ಮೇಲೆ ನನ್ನ ಅಂಗಡಿ. ಒಂದು ಮಶೀನು, ನನಗೊಂದು ಸ್ಟೂಲು. ಗಿರಾಕಿ ಕೂಡಲು ಏನೂ ಇಟ್ಟಿಲ್ಲ. ಕೂತರೆ ಮಾತಾಡುತ್ತಾರೆ, ಮಾತಾಡಿದರೆ ಜೇಬಿಗೊಂದು ಮುಚ್ಚಳ ಇದ್ದರೆ ಹ್ಯಾಂಗ ಎಂದು ಕೇಳುತ್ತಾರೆ.

ನಾನು ಓದಿದ್ದು ಮೂರನೆಯ ಜಮಾತಿನವರೆಗೆ, ಅದೂ ಉರ್ದು ಸಾಲೆಯಲ್ಲಿ. ಕನ್ನಡದ ಅಕ್ಷರ ತಿದ್ದಿಸಿದ್ದು ಮಠದ ಅಯ್ಯನವರು. ಒಂದು ಬಲದಿಂದ ಎಡಕ್ಕೆ ಹೋಗುತ್ತದೆ, ಇನ್ನೊಂದು ಎಡದಿಂದ ಬಲಕ್ಕೆ ಬರುತ್ತದೆ. ಎರಡೂ ನನ್ನ ಹತ್ತಿರ ಅರ್ಧ ದಾರಿಗೆ ನಿಂತಿವೆ. ಸಾಲೆ ಬಿಟ್ಟಮೇಲೆ ಅಪ್ಪ ನನ್ನನ್ನು ಬೀದರಿಗೆ ಕರೆದೊಯ್ದು, ಕೋಟೆಯ ಕಡೆ ಹೋಗುವ ಓಣಿಯ ಒಬ್ಬ ಉಸ್ತಾದರ ಕೈಗೆ ಒಪ್ಪಿಸಿದ. ಶೇರವಾನಿ ಹೊಲಿಯುವುದರಲ್ಲಿ ಅವರದು ದೊಡ್ಡ ಹೆಸರು. ನನಗೆ ಮಾತ್ರ ಅವರು ಕೊಟ್ಟ ಪಾಠ ಒಂದೇ, ದಿನಕ್ಕೆ ಹತ್ತು ಸಲ.

"ಬೇಟಾ, ಆದ್ಮಿ ಉಬ್ತಾನ, ಬಟ್ಟಿ ಉಬ್ಬಂಗಿಲ್ಲ. ಒಳಗ ನಾಕ್ ಬೆರಳ ಬಿಡು."

ಹೊಲಿಗೆಯ ಒಳಮೈಗೆ ನಾಲ್ಕು ಬೆರಳಷ್ಟು ಬಟ್ಟೆ ಮಡಚಿ ಬಿಟ್ಟರೆ ಮುಂದೆ ಬಿಚ್ಚಿ ಅಗಲ ಮಾಡಬಹುದು ಎಂದು ಅವರ ಅರ್ಥ. ಕಾಣದ ಕಡೆ ಬಟ್ಟೆ ದಂಡ ಮಾಡುವುದು ಝಾಲರಿಗಿಂತ ಕೆಟ್ಟದ್ದು ಎಂದು ನನ್ನ ಅರ್ಥ. ಝಾಲರಿ ಕಣ್ಣಿಗಾದರೂ ಕಾಣುತ್ತದೆ. ಪಕ್ಕದ ಅಂಗಡಿಯಲ್ಲಿ ಕರಿ ಪಾನ್‌ದಾನಿಗೆ ಬೆಳ್ಳಿಯ ಎಳೆ ಕೂರಿಸುವ ಒಬ್ಬ ಮುದುಕರಿದ್ದರು. ಎಲೆ ಅಡಿಕೆ ಇಡುವ ಡಬ್ಬಿಗೆ ಇಷ್ಟು ಹೂಬಳ್ಳಿ ಯಾತಕ್ಕೆ ಎಂದು ಒಮ್ಮೆ ಅವರನ್ನೂ ಕೇಳಿದೆ. "ಹೂ ತಗದ್ರ ಇದು ಹಂಚು ಆಗ್ತದ, ರೊಟ್ಟಿ ಸುಟ್ಕೊ" ಎಂದರು. ಆವತ್ತಿನಿಂದ ನಾನು ಅವರ ಅಂಗಡಿಯ ಕಡೆ ನೋಡುವುದು ಬಿಟ್ಟೆ.

ಪೋಲೀಸ್ ಆ್ಯಕ್ಷನ್ ಆಗಿ ನಿಜಾಮರ ಅಧಿಕಾರ ಹೋದ ಸುದ್ದಿಯನ್ನು ಉಳಿದವರು ಪೇಪರಿನಲ್ಲಿ ಓದಿದರಂತೆ. ಉಸ್ತಾದರ ಅಂಗಡಿಗೆ ಅದು ಗಂಟು ಕಟ್ಟಿಕೊಂಡು ಬಂತು. ನಿನ್ನೆಯವರೆಗೆ ಶೇರವಾನಿ ತೊಟ್ಟು ಕಚೇರಿಗೆ ಹೋಗುತ್ತಿದ್ದವರೆಲ್ಲ ಸಾಲಾಗಿ ಬಂದು, ಇದನ್ನು ಸೊಂಟದವರೆಗೆ ಕತ್ತರಿಸಿ ಕೋಟು ಮಾಡಿಕೊಡಿ ಎಂದರು. ಉಸ್ತಾದರು ಕತ್ತರಿ ಇಡುವ ಮೊದಲು ಒಂದೊಂದು ಶೇರವಾನಿಯ ಮೈಯನ್ನೂ ಕೈಯಿಂದ ಸವರುತ್ತಿದ್ದರು, ಬಕ್ರೀದಿನ ಆಡನ್ನು ಸವರಿದ ಹಾಗೆ. ಗಲಾಟೆಯ ಆ ದಿನಗಳಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಎರಡೂ ಕಡೆ ಹರಿದಿದೆ, ಹೊಲಿಯುವವರು ಕಡಿಮೆ ಇದ್ದಾರೆ. ಆ್ಯಕ್ಷನ್ ಆಗುವ ಮೊದಲು ನಮ್ಮ ಮನೆಯವರೂ ಕೆಲವು ತಿಂಗಳು ನಿಜಾಮರ ಗಡಿ ದಾಟಿ ಸೋಲಾಪುರದ ಕಡೆ ಹೋಗಿದ್ದೆವು. ಹೋದವರೆಲ್ಲ ತಿರುಗಿ ಬಂದೆವು, ಅವ್ವ ಮಾತ್ರ ಜ್ವರ ಬಂದು ಅಲ್ಲಿಯ ಮಣ್ಣಿನಲ್ಲೇ ಉಳಿದಳು. ಅವಳ ಗಂಟಿನಲ್ಲಿ ಒಂದು ಹಸಿರು ಖಣದ ಕುಬಸ, ಹಳೆಯ ತರದ ರವಿಕೆ, ಇತ್ತು. ಅದನ್ನು ಅಕ್ಕ ಇಟ್ಟುಕೊಂಡಳು.

ಅಕ್ಕನನ್ನು ಕೊಟ್ಟದ್ದು ಔರಾದಕ್ಕೆ. ಮದುವೆಯಾಗಿ ಎರಡನೆಯ ವರ್ಷ ಬಸುರಾದಳು. ನಮ್ಮ ಕಡೆ ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ ಒಯ್ದು ಬಸುರಿಗೆ ಉಡಿ ತುಂಬಬೇಕು. ಆ ಕಾರ್ಯಕ್ಕೆ ಹೆಸರೇ ಕುಬಸ. ಸೀರೆ ಮರೆತರೆ ನಡೆದೀತು, ತವರಿನ ಕುಬಸ ತೊಡದೆ ಮಣೆಯ ಮೇಲೆ ಕೂಡುವ ಹಾಗಿಲ್ಲ. ಒಂದು ದಿನ ಮಾವ, ಎಂದರೆ ಅಕ್ಕನ ಗಂಡ, ಭಾಲ್ಕಿಯ ಸಂತೆಗೆ ಬಂದವನು ಅವ್ವನ ಕುಬಸವನ್ನು ನನ್ನ ಕೈಗಿಟ್ಟು ಅಕ್ಕನ ಮಾತನ್ನು ಗಿಳಿಯ ಹಾಗೆ ಒಪ್ಪಿಸಿದ.

"ಇದ್ದಂಗೇ ಹೊಲಿ ಅಂದಾಳ. ಉಬ್ಬು ತೋಳು ಬ್ಯಾಡಂತ, ಗುಂಡಿ ಬ್ಯಾಡಂತ, ಮುಂದ ಗಂಟ ಇರ್ಬೇಕಂತ. ನಿನ್ನ ಶಾಣ್ಯಾತನ ಹಚ್ಚಬ್ಯಾಡ ಅಂದಾಳ."

ಅಕ್ಕನ ಓರಗೆಯ ಹುಡುಗಿಯರೆಲ್ಲ ಆಗ ಉಬ್ಬು ತೋಳಿನ ಜಂಪರಿಗೆ ಬಿದ್ದಿದ್ದರು. ಇವಳೊಬ್ಬಳು ಹಳೆಯದು ಬೇಕು ಎನ್ನುತ್ತಾಳೆ. ನನಗೆ ಸಂತೋಷವಾಯಿತು. ಹಳೆಯದು ಎಂದರೆ ಸಾದಾ, ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡೆ.

ಹಳೆಯದು ಸಾದಾ ಇರುತ್ತದೆ ಎಂದು ಯಾರು ಹೇಳಿದರೋ. ಅವ್ವನ ಕುಬಸವನ್ನು ಮಶೀನಿನ ಮೇಲೆ ಹರವಿದರೆ ತುಂಡಿಗೆ ತುಂಡು ಜೋಡಿಸಿದ ಕೋಟೆಯ ಗೋಡೆ. ಬೆನ್ನಿಗೊಂದು, ಎದೆಗೆ ನಾಲ್ಕು, ಬಗಲಿಗೆ ಚೌಕದ ತುಂಡು, ತೋಳಿನ ತುದಿಗೆ ಖಣದ ಅಂಚನ್ನೇ ತಿರುವಿ ಹಚ್ಚಿದ ಪಟ್ಟಿ. ಎಲ್ಲ ಅವ್ವನದೇ ಕೈಹೊಲಿಗೆ. ಬಗಲಿನ ಚೌಕವನ್ನು ನಾನು ಮೂರು ಸಲ ತಿರುಗಾಮುರುಗಾ ಹಚ್ಚಿ ಮೂರು ಸಲ ಬಿಚ್ಚಿದೆ. ಅಂಗಡಿಗೆ ಬಂದವರಿಗೆ ನಾಳೆ ಬನ್ನಿ ಎಂದೆ. ನಾಳೆ ಬಂದವರಿಗೂ ಅದನ್ನೇ ಹೇಳಿದೆ.

ಈ ಸಿಟ್ಟಿನಲ್ಲೇ ನನ್ನ ಶಾಣ್ಯಾತನ ತಲೆ ಎತ್ತಿತು. ಅವ್ವನ ಕುಬಸದ ಎರಡೂ ಮಗ್ಗುಲಲ್ಲಿ, ಒಳಗಡೆ, ನಾಲ್ಕು ನಾಲ್ಕು ಬೆರಳು ಬಟ್ಟೆ ಸುಮ್ಮನೆ ಮಡಚಿ ಬಿಟ್ಟಿದ್ದಳು. ಮುಂದೆ ಕಟ್ಟುವ ಗಂಟಿನ ತುದಿಗಳು ಗೇಣುದ್ದ ಜೋತುಬಿದ್ದಿದ್ದವು. ಗಂಟಿಗೆ ಇಷ್ಟು ಬಾಲ ಯಾಕೆ? ನಾನು ಹೊರಗಿನ ಅಳತೆ ಹಿಡಿದು, ಒಳಗಿನದನ್ನು ಬಿಟ್ಟು, ಬಾಲವನ್ನು ಮೊಂಡು ಮಾಡಿ, ಹೊಸ ಖಣದಲ್ಲಿ ಹೊಲಿದೆ. ಮಗ್ಗುಲಿನಿಂದ ಉಳಿಸಿದ ಖಣವನ್ನು ನೋಡಿದರೆ ಚೆಲ್ಲಲು ಮನಸ್ಸಾಗಲಿಲ್ಲ. ಅದರಲ್ಲಿ ಹುಟ್ಟುವ ಕೂಸಿನ ತಲೆಗೊಂದು ಕುಂಚಿಗೆ ಹೊಲಿದೆ. ಒಂದು ಬಟ್ಟೆಯಲ್ಲಿ ಎರಡು ಕೆಲಸ. ಭಾಲ್ಕಿ ತಾಲೂಕಿನಲ್ಲಿ ನನ್ನಂಥವನಿಲ್ಲ ಎಂದು ಎರಡು ದಿನ ನಾನೇ ನಂಬಿದ್ದೆ.

ಕಾರ್ಯದ ದಿನ ಅಪ್ಪ, ಕಾಕಿ, ನಾನು ಮೋಟಾರು ಹತ್ತಿ ಔರಾದಕ್ಕೆ ಹೋದೆವು. ಅವ್ವನ ಜಾಗದಲ್ಲಿ ಚಿಕ್ಕಪ್ಪನ ಹೆಂಡತಿ ಈ ಕಾಕಿ ಬಂದಿದ್ದಳು, ರೊಟ್ಟಿ ಹೋಳಿಗೆಯ ಬುಟ್ಟಿ ಹೊತ್ತುಕೊಂಡು. ಅಕ್ಕ ಕುಬಸ ಇಸಿದುಕೊಂಡು ಒಳಕೋಣೆಗೆ ಹೋದಳು. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ನಾನು ಕಟ್ಟೆಯ ಮೇಲೆ ಗಂಡಸರ ನಡುವೆ ಕುಳಿತು, ಚಂದ ಹೊಲಿದಾನ ಎಂಬ ಮಾತಿಗೆ ಕಿವಿ ಕೊಟ್ಟಿದ್ದೆ. ಬಹಳ ಹೊತ್ತು ಒಳಕೋಣೆಯ ಬಾಗಿಲು ತೆಗೆಯಲಿಲ್ಲ. ಆಮೇಲೆ ಕಾಕಿ ಬಂದು ಕಣ್ಣಲ್ಲೇ ಕರೆದಳು. ಹೋಗಿ ಕೋಣೆಯ ಬಾಗಿಲ ಹೊರಗೆ ನಿಂತೆ.

"ತಮ್ಮಾ," ಒಳಗಿನಿಂದ ಅಕ್ಕ ಕೇಳಿದಳು, "ಯಾರ ಅಳತಿ ಹಿಡದು ಹೊಲದಿ?"

"ಅವ್ವಂದು."

"ಅವ್ವ ಯಾವಾಗಿನಾಕಿ?"

ನಾನು ವರ್ಷ ಎಣಿಸತೊಡಗಿದೆ.

"ಏಳು ತಿಂಗಳಾಗ್ಯಾವೋ ನನಗ. ಈ ಕಡಿ ಬಂದ್ರ ಆ ಕಡಿ ಬರಲ್ಲ. ಗಂಟಿನ ತುದಿ ಹಿಡಿಲಾಕ ಚಿಮಟಾ ಬೇಕು."

ಅವಳು ನಗುತ್ತಿದ್ದಳು. ಹೌದು, ನಗುವಿನಿಂದಲೇ ಶುರುವಾಯಿತು, ಅರ್ಧಕ್ಕೆ ದನಿ ಬದಲಾಯಿತು. ಅಷ್ಟರಲ್ಲಿ ಅವಳ ಅತ್ತೆ ತಮ್ಮ ಮಗಳ ಜಂಪರೊಂದನ್ನು ತಂದರು. ಕೆಟ್ಟ ಹೆಂಗಸಲ್ಲ, ಹೊತ್ತು ಮೀರುತ್ತದೆ ಎಂಬ ಚಿಂತೆ ಅವರಿಗೆ.

"ಇದು ಹಾಕ್ಕೋ ಯವ್ವಾ. ತವರಾಗ ತಾಯಿ ಇಲ್ಲ, ಗಂಡಸರಿಗೇನ್ ತಿಳೀತದ. ಮಂದಿಗಿ ನಾ ಹೇಳ್ತೇನಿ."

"ಒಲ್ಲೆರಿ ಅತ್ತಿ. ಅವ್ವನ ಕುಬಸದಂಥಾದ್ದು ಇಲ್ಲಂದ್ರ ಮಣಿ ಮ್ಯಾಲ ಕೂಡಂಗಿಲ್ಲ ನಾ."

ತಾಯಿ ಇಲ್ಲದ ತವರು ಕುಬಸವನ್ನೂ ಸರಿಯಾಗಿ ತರಲಿಲ್ಲ ಎಂಬ ಮಾತು ಪಡಸಾಲೆಯಲ್ಲಿ ಆಗಲೇ ಚಕ್ಕಳಮಕ್ಕಳ ಹಾಕಿ ಕುಳಿತಿತ್ತು. ನನಗೆ ಏನಾದರೂ ಒಂದು ಒಳ್ಳೆಯದು ತೋರಿಸಬೇಕು ಅನಿಸಿತು. ಜೇಬಿನಿಂದ ಕುಂಚಿಗೆ ತೆಗೆದು ಅತ್ತೆಯವರ ಮುಂದೆ ಹಿಡಿದೆ. ಅವರು ಹಾವು ಕಂಡವರ ಹಾಗೆ ಹಿಂದೆ ಸರಿದರು.

"ಇದೇನಪ್ಪಾ! ಕೂಸು ಭೂಮಿಗಿ ಬರೋದ್ರೊಳಗ ಕುಂಚಿಗಿ ಹೊಲದೀ? ಹುಟ್ಟದ ಕೂಸಿಗಿ ಅರಿವಿ ಹೊಲೀತಾರೇನು? ಬಿಚ್ಚು, ಮೊದಲ ಬಿಚ್ಚು!"

"ಬಟ್ಟಿ ಉಳದಿತ್ತುರಿ, ಅದಕ್ಕ..."

"ಉಳೀತು! ಅಲ್ಲಿ ನಿಮ್ಮಕ್ಕ ಉಸರಾಡ್ಲಿಕ್ಕ ಬರಲ್ದೆ ಕುಂತಾಳ, ಇವಗ ಬಟ್ಟಿ ಉಳೀತಂತ!"

ಬಾಗಿಲ ಆ ಕಡೆ ಅಕ್ಕ ಈ ಸಲ ನಿಜವಾಗಿ ನಕ್ಕಳು.

ನನ್ನ ಟೊಪ್ಪಿಗೆಯಲ್ಲಿ ಯಾವಾಗಲೂ ದಾರ ಪೋಣಿಸಿದ ಸೂಜಿ ಇರುತ್ತದೆ. ಕುಬಸ ಈಸಿಕೊಂಡು ಕಟ್ಟೆಯ ತುದಿಗೆ ಕುಳಿತು ಕುಂಚಿಗೆಯನ್ನು ಹಲ್ಲಿನಿಂದ ಬಿಚ್ಚಿದೆ. ಬಟ್ಟೆ ಸಿಕ್ಕಿತು. ಅಗಲ ಎಷ್ಟು ಮಾಡಬೇಕು? ಅಕ್ಕನ ಮೈಗೆ ಟೇಪು ಹಿಡಿಯುವವರು ಯಾರು? ಕಾಕಿ ತನ್ನ ಗೇಣಿನಿಂದ ಒಂದು ಅಳತೆ ಹೇಳಿದಳು, ಅತ್ತೆ ತಮ್ಮ ಗೇಣಿನಿಂದ ಇನ್ನೊಂದು ಹೇಳಿದರು. ಎರಡಕ್ಕೂ ಆರು ಬೆರಳು ಫರಕು. ಇವರಿಬ್ಬರ ನಡುವೆ ಸಿಕ್ಕು, ಅವ್ವ ಆ ಬಟ್ಟೆಯನ್ನು ಒಳಗೆ ಯಾಕೆ ಬಿಟ್ಟಿದ್ದಳೋ ನೋಡಿಯೇಬಿಡೋಣ ಎಂದು, ತಿರುಗಿ ಕೊಡಲು ತಂದಿದ್ದ ಅವಳ ಕುಬಸದ ಮಗ್ಗುಲು ಬಿಚ್ಚಿದೆ.

ಹೊರಗೆ ತೊಳೆದು ತೊಳೆದು ಹುಣಸೆ ಎಲೆಯ ಹಾಗೆ ಮಾಸಿದ್ದ ಖಣ, ಒಳಗೆ ಗಿಳಿಯ ರೆಕ್ಕೆಯಷ್ಟು ಹಸಿರು. ಬಿಸಿಲೇ ಕಂಡಿರಲಿಲ್ಲ ಅದು. ಅದರ ಮೇಲೆ ಸೂಜಿಯ ತೂತುಗಳು ಎರಡು ಸಾಲು. ಒಂದು ಎರಡು ಬೆರಳು ಆಚೆ, ಇನ್ನೊಂದು ಮೂರೂವರೆ ಬೆರಳು ಆಚೆ. ಹೊಲಿದು ಬಿಚ್ಚಿದ ಗುರುತು. ನನಗೆ ಪುಸ್ತಕ ಓದಲು ತಡವಾಗುತ್ತದೆ. ಇದನ್ನು ಓದಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಅವ್ವ ಎರಡು ಸಲ ಇದನ್ನು ಅಗಲ ಮಾಡಿದ್ದಳು, ಎರಡು ಸಲ ತಿರುಗಿ ಒಳಗೆ ಮಡಚಿದ್ದಳು. ನಾವಿರುವುದೂ ಇಬ್ಬರೇ. ಕಾಕಿಗೆ ತೋರಿಸಿದೆ. ಅವಳು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ನಿಮ್ಮಕ್ಕನ ಟೈಮಿಂದು. ಆ ಕಡಿದು ನಿಂದು. ನೀ ಹೊಟ್ಟ್ಯಾಗಿದ್ದಾಗ ಭಾಳ ದಪ್ಪ ಆಗಿದ್ಲು, ಪುಣ್ಯಾತ್ಮ. ಆಗಿಂದೇ ಕಾಡಿಸ್ಲತ್ತಿ."

ನಾನು ಅಕ್ಕನ ಸಾಲನ್ನು ಹಿಡಿದೆ. ಕುಂಚಿಗೆಯ ಬಟ್ಟೆಯನ್ನು ಹೊಸ ಕುಬಸಕ್ಕೆ ಹಚ್ಚಿ, ಮಗ್ಗುಲಿಗೆ ಎರಡೆರಡು ಬೆರಳು ಅಗಲ ಕೊಟ್ಟು, ಉಳಿದದ್ದನ್ನು ಕತ್ತರಿಸದೆ ಒಳಗೆ ಮಡಚಿ ಹೊಲಿದೆ. ಕಟ್ಟೆಯ ಗಂಡಸರು ಸುಮ್ಮನಿರಲಿಲ್ಲ. "ಏ ಮಾಸ್ತರ, ಮುಗದ್ಮ್ಯಾಲ ನನಗೂ ಒಂದು ಕುಬಸ ಹೊಲಿ" ಎಂದು ಒಬ್ಬ ಮುದುಕ ಎಂದ. ಅಳತಿ ಕಳಿಸ್ರಿ ಎಂದೆ. ಹೊತ್ತು ಮೀರುವುದರೊಳಗೆ ಕುಬಸ ಒಳಗೆ ಹೋಯಿತು. ಈ ಸಲ ಬಾಗಿಲು ಬೇಗ ತೆಗೆಯಿತು. ಗಂಟು ಬಿದ್ದಿತ್ತು, ಕೋಳಿಮರಿಯ ಕೊಕ್ಕಿನಷ್ಟು, ಆದರೂ ಬಿದ್ದಿತ್ತು. ಅಕ್ಕ ಮಣೆಯ ಮೇಲೆ ಕುಳಿತಳು. ಅವ್ವ ತನ್ನನ್ನು ಹೊತ್ತಾಗ ಯಾವ ಅಳತೆಯಲ್ಲಿದ್ದಳೋ ಆ ಅಳತೆಯಲ್ಲಿ. ಅವಳಿಗೆ ಇದನ್ನು ಕಾಕಿ ಹೇಳಿದಳು. ನಾನು ಹೇಳಲಿಲ್ಲ, ನನಗೆ ಅಂಥದ್ದೆಲ್ಲ ಹೇಳಲು ಬರುವುದಿಲ್ಲ. ಬಗಲ ಕೆಳಗೆ ಹಚ್ಚಿದ ಪಟ್ಟಿಯಲ್ಲಿ ಖಣದ ಹೂವು ಅಡ್ಡಡ್ಡ ಬಂದಿತ್ತು. ಅದನ್ನು ಕಂಡು ಪಡಸಾಲೆಯಲ್ಲಿ ಯಾರೋ, "ಏನ್ ಚಂದ ಫ್ಯಾಶನ್ ಮಾಡ್ಯಾನ" ಎಂದರು.

ಆ ವಾರ ಬೀದರಿಗೆ ಹೋಗಿ ಉಸ್ತಾದರಿಗೆ ಎಲ್ಲ ಹೇಳಿದೆ. ಅವರು ಕೋಟಿನ ತೋಳು ಕೈಯಲ್ಲಿ ಹಿಡಿದಿದ್ದವರು ತಲೆ ಎತ್ತದೆ, "ನಿಮ್ಮವ್ವ ಯಾವ ಉಸ್ತಾದನ ಹತ್ರ ಕಲ್ತಿದ್ಲು ಬೇಟಾ?" ಎಂದರು. ಯಾರ ಹತ್ತಿರವೂ ಇಲ್ಲ ಎಂದೆ. "ಅದಕ್ಕೇ" ಎಂದರು.

ಅಕ್ಕನಿಗೆ ಹೆಣ್ಣು ಕೂಸು ಆಯಿತು. ತಿಂಗಳು ತುಂಬಿದ ಮೇಲೆ ಮಾವ ಮತ್ತೆ ಅಂಗಡಿಗೆ ಬಂದ, ಕೈಯಲ್ಲಿ ಕುಬಸ, ಬಾಯಲ್ಲಿ ಅಕ್ಕನ ಮಾತು.

"ಸಣ್ಣದು ಮಾಡ್ಬೇಕಂತ. ಕತ್ತರಿ ಮುಟ್ಟಬ್ಯಾಡ, ಒಳಗ ಮಡಚು ಅಂದಾಳ. ಕೂಸಿಗಿ ಮುಂದ ಬೇಕಾಗ್ತದಂತ. ಮತ್ತ ಈಗ ಕುಂಚಿಗಿ ಹೊಲೀಬೇಕಂತ, ಅದಕ್ಕ ಝಾಲರಿ ಇರ್ಬೇಕಂತ."

ಮಡಚಿದೆ. ನನ್ನ ಹೊಲಿಗೆಯ ತೂತುಗಳ ಒಂದು ಸಾಲು ಒಳಗೆ ಹೋಯಿತು. ಯಾವಾಗಲೋ ಯಾರೋ ಬಿಚ್ಚಿ ಓದಿಯಾರು, ಹೊಲಿದವನು ಯಾರೋ ಗಡಿಬಿಡಿಯವನು ಎಂದುಕೊಂಡಾರು.

ಕುಂಚಿಗೆಯನ್ನೂ ಹೊಲಿದೆ. ಝಾಲರಿ ಎರಡು ಸಾಲು ಹಚ್ಚಿದ್ದೇನೆ, ಈ ಮಾತು ನನ್ನ ಗಿರಾಕಿಗಳ ಮುಂದೆ ಎತ್ತಬೇಡಿ. ಕೂಸಿನ ತಲೆ ಬೆಳೆಯುತ್ತದೆ ಎಂದು ಒಳಗೆ ಸುತ್ತಲೂ ನಾಲ್ಕು ಬೆರಳು ಬಟ್ಟೆ ಬಿಟ್ಟೆ. ಈಗ ಅದು ಗಾದಿಯಷ್ಟು ದಪ್ಪವಾಗಿ, ಕಟ್ಟಿದರೆ ಕೂಸಿನ ಮುಖವೇ ಕಾಣುವುದಿಲ್ಲವಂತೆ. ಬೆಳೆಯಲಿ, ಕಂಡೀತು.