ಹದಿನೆಂಟು ಗೇಣಿನ ಗೋಡೆ

ಲಾಯಿಲದ ಕಾಂತಿ ಟೀಚರ ಬಳಿ ಕಲಿತವರಿಗೆ ಬೇರೆ ಗಣಿತ ಮರೆತರೂ ಒಂದು ಲೆಕ್ಕ ಮರೆಯುವುದಿಲ್ಲ. ಹದಿನೆಂಟು ಅಡಿ ಗೋಡೆ, ಎರಡೆರಡು ಅಡಿ ಅಗಲದ ಮೂರು ಪಟ. ಪಟಗಳ ನಡುವೆಯೂ ಗೋಡೆಯ ಎರಡು ತುದಿಯಲ್ಲೂ ಸಂದು ಸಮ ಇರಬೇಕು. ಎಷ್ಟು? ಮಕ್ಕಳು ನಡುವಿನ ಎರಡನ್ನೇ ಎಣಿಸಿ ಆರು ಅನ್ನುತ್ತಿದ್ದರು.

"ತುದಿಯದ್ದನ್ನು ನಿಮ್ಮ ಅಜ್ಜ ಬಂದು ಎಣಿಸುವುದಾ ಮಾರಾಯರೇ? ಪಟ ಮೂರಾದರೆ ಸಂದು ನಾಲ್ಕು. ಉಳಿದ ಹನ್ನೆರಡನ್ನು ನಾಲ್ಕರಿಂದ ಭಾಗಿಸಿ."

ಆ ಲೆಕ್ಕ ಪುಸ್ತಕದ್ದಲ್ಲ, ಅವಳ ಮನೆಯದು. ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಕೊಂಡವರಿಗೆ ಬಡಿಸುವ ದಿನ ಒಳಕೋಣೆಯ ಗೋಡೆಯುದ್ದಕ್ಕೆ ಬಾಳೆ ಎಲೆ ಹಾಕುವುದು ಅವಳ ಕೆಲಸ. ಗೋಡೆ ಹದಿನೆಂಟು ಗೇಣು, ಎಲೆ ಎರಡು ಗೇಣು. ಅಜ್ಜಿಗೆ, ಅಮ್ಮನಿಗೆ, ಸೋದರಮಾವನಿಗೆ ಒಂದೊಂದು. ಸಂದು ಹೆಚ್ಚುಕಡಿಮೆಯಾದರೆ ಹಿರಿಯರಿಗೆ ಮುನಿಸು. ಬಡಿಸಿ ಬಾಗಿಲು ಮುಚ್ಚಿ, ಅವರು ಉಣ್ಣುವಷ್ಟು ಹೊತ್ತು ಹೊರಗೆ ಕೂತು, ಆಮೇಲೆ ತಟ್ಟಿಯೇ ತೆರೆಯಬೇಕು.

ನಾಲ್ಕನೇ ಎಲೆಯ ಮಾತೆತ್ತಿದರೆ ಮಾತ್ರ ಕಾಂತಿಗೆ ಮೈಯೆಲ್ಲ ಉರಿ. ತಮ್ಮ ಶೋಧನ್ ಅವಸರದ ಪ್ರಾಣಿ, ಒಂದು ಊಟವನ್ನೂ ನೆಟ್ಟಗೆ ಮುಗಿಸಿದವನಲ್ಲ. ಬಂಟ್ವಾಳದಲ್ಲಿ ನೆರೆ ಬಂದಿದೆಯೆಂದು ಅರ್ಧ ಊಟಕ್ಕೇ ಎದ್ದು ಹೋದವನು ತಿರುಗಿ ಬರಲಿಲ್ಲ. ಹೊಳೆಬದಿಯಲ್ಲಿ ಬೈಕ್ ಸಿಕ್ಕಿತು, ಹೆಣ ಸಿಗಲಿಲ್ಲ. ಎಲೆ ಹಾಕಿದರೆ ಅವನು ಸತ್ತನೆಂದು ತಾನೇ ಒಪ್ಪಿದ ಹಾಗೆ.

ಈ ಸಲವೂ ಚಿಕ್ಕಮ್ಮ ಪೂವಮ್ಮ ಕೇಳಿದರು. "ಅವನಿಗೂ ಒಂದು ಹಾಕುವ ಕಾಂತಿ. ಪಾಪ, ಹಸಿದು ತಿರುಗ್ತಾ ಇರ್ತಾನೆ."

"ಬದುಕಿದವನಿಗೆ ಎಂತ ಎಲೆ ಚಿಕ್ಕಮ್ಮ? ಬರಲಿ, ಬಟ್ಟಲಲ್ಲೇ ಬಡಿಸ್ತೇನೆ."

ಮೂರು ಮೂರು ಗೇಣು ಬಿಟ್ಟು ಮೂರು ಎಲೆ ಹಾಕಿದಳು. ಕಡುಬು, ಕೋಳಿ ಸಾರು ಬಡಿಸಿ ಬಾಗಿಲು ಮುಚ್ಚಿದಳು. ಇಬ್ಬರೂ ಬಾಗಿಲಿನೆದುರೇ ಕೂತರು. ಆ ಕೋಣೆಗೆ ಬೇರೆ ದಾರಿ ಇಲ್ಲ. ಸಂಜೆಗತ್ತಲು ಇಳಿಯುವಾಗ ಕಾಂತಿ ತಟ್ಟಿ ತೆರೆದಳು.

ದೀಪ ಅಲುಗದೆ ಉರಿಯುತ್ತಿತ್ತು. ಒಂದು ತೊಟ್ಟು ಸಾರೂ ಚೆಲ್ಲಿರಲಿಲ್ಲ. ಆದರೆ ಎಲೆಗಳು ಇಟ್ಟಲ್ಲಿರಲಿಲ್ಲ.

ಕಾಂತಿ ಮಂಡಿಯೂರಿ ಗೇಣು ಹಾಕಿದಳು. ಮೂಲೆಯಿಂದ ಮೊದಲ ಎಲೆಗೆ ಎರಡು ಗೇಣು. ಅಲ್ಲಿಂದ ಮುಂದಿನದಕ್ಕೆ ಎರಡು. ಮತ್ತೆ ಎರಡು. ಬಾಗಿಲ ಕಡೆ ಆರು ಗೇಣು ಖಾಲಿ. ಸಂದಿಗೆ ಎರಡು, ಎಲೆಗೆ ಎರಡು, ತುದಿಗೆ ಎರಡು. ಮನೆಯ ಕಿರಿಯವನು ಕೂರುವ ಜಾಗ ಅದು. ಹಿರಿಯರು ಸರಿದು ಕೂತಿದ್ದರು.

ಇಷ್ಟು ವರ್ಷ ಬಾರದ ಅಳು ಆಗ ಬಂತು. ಅಳುತ್ತಲೇ ನಾಲ್ಕನೇ ಎಲೆ ತಂದು ಹಾಕಿ, ಸೌಟು ತುಂಬ ಬಡಿಸಿ, ಹೊರಬಂದು ಬಾಗಿಲು ಮುಚ್ಚಿದಳು.

ಅವಳು ಕೂರುವಷ್ಟರಲ್ಲಿ ಒಳಗಿನಿಂದ ಯಾರೋ ಬಾಗಿಲು ತಟ್ಟಿದರು. ಪೂವಮ್ಮ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಕಾಂತಿ ಏಳಲಿಲ್ಲ. "ಪೂರ್ತಿ ಉಣ್ಣು ಮಾರಾಯ," ಅಂದಳು. "ಇನ್ನೆಂತ ಅವಸರ ನಿನಗೆ?"